ಉಂಗುರದ ಮೇಲಿನ ಕೆಂಪು ಚುಕ್ಕೆ

ಗಾಜು ಶುದ್ಧವಾಗಿದ್ದರೆ ನಲವತ್ತು ಸಾವಿರ. ಒಳಗೆ ಬೂಷ್ಟು ಹಿಡಿದಿದ್ದರೆ ಒಂಬತ್ತು. ಮುಂದಿನ ಗಾಜಿಗೆ ಗೀರು ಬಿದ್ದಿದ್ದರೆ ಮೂರು. ಬಿದ್ದು ನೆಗ್ಗಿದ್ದರೆ, ಕಾಗದ ಹಾರದಂತೆ ಇಡಲು ಒಳ್ಳೆಯ ಭಾರ.

ಲೆನ್ಸ್ ಮೇಸ್ತ್ರಿ ಈ ದರಪಟ್ಟಿಯನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದಾಗ, ಕೌಂಟರಿನ ಆಚೆ ನಿಂತ ಹೆಂಗಸು ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದಳು. ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಹೊಲಿಗೆ ಅಂಗಡಿಯಿಂದ ನೇರವಾಗಿ ಎದ್ದು ಬಂದಿದ್ದಳು. ಗಂಟು ಬಿಗಿದುಕೊಂಡಿತ್ತು. ಚೂಪು ಮೊನೆಯ ಪುಟ್ಟ ಕತ್ತರಿಯಿಂದ ದಾರ ಕತ್ತರಿಸಿ, ಒಳಗಿದ್ದ ಹಳೆಯ ಕ್ಯಾಮೆರಾ ಲೆನ್ಸನ್ನು ಮುಂದಿಟ್ಟಳು.

"ನಮ್ಮೆಜಮಾನ್ರದ್ದು. ಮೇಸ್ತ್ರಿಗೇ ಕೊಟ್ಟು ಬಾ, ಅವರು ಮೋಸ ಮಾಡಲ್ಲ ಅಂದ್ರು. ಎಷ್ಟಾದ್ರೂ ಸರಿ."

"ಎಷ್ಟಾದ್ರೂ ಸರಿ ಅಂತ ವ್ಯಾಪಾರದವನ ಮುಂದೆ ಹೇಳ್ತಾರೇನಮ್ಮ? ನಾನಾಗಿದ್ದಕ್ಕೆ ಬಚಾವಾದ್ರಿ."

ಮೇಸ್ತ್ರಿಯ ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಒಂದು ಪಟ್ಟು ಹೆಚ್ಚು. ಕೆಲಸ ಮಾಡುತ್ತ ಎದುರಿಗೆ ಕೂತವರಿಗೆ ಎಲ್ಲವನ್ನೂ ಬಿಡಿಸಿ ಹೇಳುವುದು ಅವನ ಹಳೆಯ ಚಟ.

"ಇಲ್ಲಿ ಬಣ್ಣ ಸವೆದು ಹಿತ್ತಾಳೆ ಕಾಣ್ತಿದೆ ನೋಡಿ. ಇದು ದೋಷ ಅಲ್ಲ. ಎಲ್ಲಾ ಕಡೆ ಸವೆದಿದ್ರೆ ಚೀಲದಲ್ಲಿ ಉರುಳಾಡಿದ್ದು ಅಂತ ಲೆಕ್ಕ. ಬೆರಳು ಕೂರೋ ಕಡೆ ಮಾತ್ರ ಸವೆದಿದ್ರೆ, ಪ್ರೀತಿಯಿಂದ ದುಡಿಸಿದ್ದು."

ಫೋಕಸ್ ಉಂಗುರ ತಿರುಗಿಸಿದ. ಬಿಗಿಯಾಗಿತ್ತು, ಗ್ರೀಸ್ ಒಣಗಿದೆ, ವರ್ಷಗಟ್ಟಲೆ ಯಾರೂ ತಿರುಗಿಸಿಲ್ಲ. ಟಾರ್ಚ್ ಬೆಳಕು ಬಿಟ್ಟು ಹಿಂದಿನಿಂದ ನೋಡಿದ. ಬೂಷ್ಟಿಲ್ಲ, ಗೀರಿಲ್ಲ. ಬೆಳಕಿಗೆ ದಾರಿ ಬಿಡುವ ಲೋಹದ ಎಲೆಗಳಿಗೆ ಎಣ್ಣೆ ಹತ್ತಿಲ್ಲ. ನಲವತ್ತು ಸಾವಿರಕ್ಕೆ ಒಂದು ಪೈಸೆ ಕಮ್ಮಿಯಿಲ್ಲದ ಮಾಲು. ಕ್ಯಾಮೆರಾಕ್ಕೆ ತಗುಲಿಸಿ ಗೋಡೆಯ ಕ್ಯಾಲೆಂಡರಿಗೆ ಹಿಡಿದ. ಎಷ್ಟು ತಿರುಗಿಸಿದರೂ ಅಂಕಿಗಳು ಮಂಜಿನಾಚೆಯೇ ಉಳಿದವು.

"ಫೋಟೋ ತೆಗೆಯೋದು ಯಾಕೆ ಬಿಟ್ರು?"

"ಕಣ್ಣು ಹೋಯ್ತು ಅಂದ್ಕೊಂಡ್ರು. ಒಂದು ಮದುವೇಲಿ ತೆಗೆದಿದ್ದೆಲ್ಲ ಮಸುಕು. ಹೆಣ್ಣಿನ ಕಡೆಯೋರು ನಾಲ್ಕು ಜನರ ಮುಂದೆ ಛೀ ಥೂ ಅಂದ್ರು. ಕಣ್ಣಲ್ಲಿ ಏನೂ ಇಲ್ಲ ಅಂತ ಡಾಕ್ಟ್ರು ಹೇಳಿದ್ರೂ ಇವರು ನಂಬಲಿಲ್ಲ. ಹನ್ನೊಂದು ವರ್ಷ ಆಯ್ತು. ಈಗ ನನ್ನ ಅಂಗಡೀಲಿ ಗುಂಡಿ ಹಾಕ್ಕೊಂಡು ಕೂತಿರ್ತಾರೆ."

"ಲೆನ್ಸನ್ನ ಯಾರಿಗೂ ತೋರಿಸಲಿಲ್ವೇ?"

"ಆಗ ತಾನೇ ನಿಮ್ಮಲ್ಲಿ ಸರ್ವೀಸ್ ಆಗಿ ಬಂದಿತ್ತು. ಮೇಸ್ತ್ರಿ ಕೈಯಲ್ಲಿ ತಪ್ಪಾಗಲ್ಲ, ತಪ್ಪು ನನ್ನ ಕಣ್ಣಿನದೇ ಅಂದ್ರು."



ಮೇಸ್ತ್ರಿ ಲೆನ್ಸಿನ ಮೂತಿಯನ್ನು ಬೆಳಕಿಗೆ ತಿರುಗಿಸಿದ. ಗಾಜನ್ನು ಹಿಡಿದ ಉಂಗುರದ ಅಂಚಿನಲ್ಲಿ ಕೆಂಪು ಚುಕ್ಕೆ. ಉಗುರುಬಣ್ಣದ್ದು. ಕೆಲಸ ಮುಗಿದ ಮೇಲೆ ಉಂಗುರಕ್ಕೂ ಕೊಳವೆಗೂ ಸೇರಿಸಿ ಅವನೇ ಇಡುವ ಮುದ್ರೆ. ಅದೀಗ ಬಿರಿದು ಎರಡು ಹೋಳಾಗಿತ್ತು; ಹಳೆಯ ಬಣ್ಣ, ಒಣಗಿ ಬಿರಿದಿರಬೇಕು ಅಂದುಕೊಂಡ. ಉಂಗುರ ತಿರುಗಿಸಿ ಬಿಚ್ಚಲು ಇರುವ ಎರಡು ಕಚ್ಚುಗಳ ಪಕ್ಕದಲ್ಲಿ ಮೊನೆ ಜಾರಿದ ಗೀರುಗಳು. ಹೌದು, ಆ ಕಾಲದಲ್ಲಿ ಸರಿಯಾದ ಉಪಕರಣ ಕೊಳ್ಳಲಾಗದೆ ಶಾಲೆಯ ಕೈವಾರದಿಂದಲೇ ಬಿಚ್ಚುತ್ತಿದ್ದ.

ಬಿಚ್ಚಿದ. ಎರಡನೆಯ ಗಾಜು ಹಿಂದುಮುಂದಾಗಿ ಕೂತಿತ್ತು.

ಮೂವತ್ತು ವರ್ಷದಲ್ಲಿ ಒಂದೇ ಒಂದು ದೂರು ಬಂದಿಲ್ಲವೆಂದು ಕಂಡಕಂಡವರ ಮುಂದೆ ಎದೆ ತಟ್ಟಿಕೊಂಡಿದ್ದ. ಯಾಕೆ ಬಂದಿಲ್ಲವೆಂದು ಈಗ ತಿಳಿಯಿತು. ಅವನನ್ನು ನಂಬಿದವರು ತಮ್ಮನ್ನೇ ದೂರಿಕೊಂಡಿದ್ದರು.

ಗಾಜನ್ನು ತಿರುಗಿಸಿ ಕೂರಿಸಿ, ಉಂಗುರ ಬಿಗಿದ. ಕ್ಯಾಲೆಂಡರಿನ ಅಂಕಿಗಳಷ್ಟೇ ಅಲ್ಲ, ಅದನ್ನು ತೂಗುಹಾಕಿದ ಮೊಳೆಯ ತುಕ್ಕೂ ಕಂಡಿತು. ಇನ್ನು ನಲವತ್ತು ಸಾವಿರ ಎಣಿಸಿ ಕೊಟ್ಟರೆ ಮುಗಿಯಿತು. ಅವಳು ಹೋಗುತ್ತಾಳೆ, ಯಾರಿಗೂ ಏನೂ ತಿಳಿಯುವುದಿಲ್ಲ. ಕೈ ಗಲ್ಲಾಪೆಟ್ಟಿಗೆಯವರೆಗೆ ಹೋಗಿ ಹಿಂದೆ ಬಂತು.

"ಇದನ್ನ ಮಾರಬೇಡಿ ತಾಯಿ," ಎಂದ. ಅವಳ ಮುಖ ನೋಡಲು ಧೈರ್ಯ ಬರಲಿಲ್ಲ. "ನಿಮ್ಮೆಜಮಾನ್ರ ಕಣ್ಣು ಸರಿಯಾಗೇ ಇದೆ. ಒಳಗೆ ಗಾಜು ತಿರುಗಿ ಕೂತಿತ್ತು. ನನ್ನ ಕೈತಪ್ಪು. ನಡೀರಿ, ಬಾಗಿಲು ಹಾಕ್ತೀನಿ. ನಾನೇ ಬಂದು ಅವರ ಕಾಲು ಹಿಡ್ಕೋತೀನಿ."

"ಬೇಡ."

"ಹನ್ನೊಂದು ವರ್ಷ ಅಮ್ಮಾ! ಒಬ್ಬ ಮನುಷ್ಯನ ಅನ್ನ ಕಿತ್ಕೊಂಡು ಕೂತಿದ್ದೀನಿ. ಬೈಲಿ, ಎರಡು ಬಾರಿಸ್ಲಿ, ಬೇಡ ಅನ್ನೋಕೆ ನೀವ್ಯಾರು?"

ಬೀಗದ ಕೈ ಹಿಡಿದು ಎದ್ದೇಬಿಟ್ಟ. ಅವಳು ದಾರಿಗೆ ಅಡ್ಡ ನಿಂತಳು. ಅವನ ಕೈಯಿಂದ ಲೆನ್ಸನ್ನು ತೆಗೆದುಕೊಂಡು ಕೌಂಟರಿನ ಮೇಲಿಟ್ಟಳು. ಕತ್ತರಿಯ ಬಾಯಿ ಅಗಲಿಸಿ, ಎರಡು ಮೊನೆಗಳನ್ನು ಉಂಗುರದ ಎರಡು ಕಚ್ಚುಗಳಿಗೆ ಊರಿದಳು. ಹೇಳಿ ಮಾಡಿಸಿದಂತೆ ಕೂತವು. ಹಳೆಯ ಗೀರುಗಳ ಮೇಲೇ ಕೂತವು.

"ನಿಮ್ಮ ಕೈಯಿಂದ ಬಂದಾಗ ಸರಿಯಾಗೇ ಇತ್ತು ಮೇಸ್ತ್ರೀ. ಅವತ್ತು ಇದೇ ಸ್ಟೂಲ್ ಮೇಲೆ ಕೂತಿದ್ದೆ. ಈ ಗಾಜೊಂದು ತಿರುಗಿ ಕೂತ್ರೆ ಎಂಥಾ ಫೋಟೋಗ್ರಾಫರಿಗೂ ಗೊತ್ತಾಗಲ್ಲ ಅಂತ ನೀವೇ ನಗ್ತಾ ತೋರಿಸಿಕೊಟ್ರಿ." ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಮದುವೆ ಸೀಸನ್ ಬಂದ್ರೆ ತಿಂಗಳಿಗೆ ಮೂರು ದಿನ ಮನೇಲಿರೋರು. ನನ್ನ ಮಗಳು ಅವರನ್ನ ಫೋಟೋ ಮಾಮ ಅಂತ ಕರೀತಿದ್ಲು. ಒಂದೇ ಒಂದು ಸೀಸನ್ ಮನೇಲಿರಲಿ ಅಂದ್ಕೊಂಡೆ. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ."

ಮಗಳಿಗೆ ಅಪ್ಪ ಸಿಕ್ಕಿದ್ದ. ಅಪ್ಪನಿಗೆ, ಚೆನ್ನಾಗಿದ್ದ ಕಣ್ಣು ಹೋಗಿತ್ತು.