ಕೈರುಚಿ

ತೂಕ ಇಳಿಸುವ ಆಪರೇಷನ್ ಆದಮೇಲೆ ಅವಳು ಅಮ್ಮ ಕಾಯಿಸಿಕೊಟ್ಟ ರಾಗಿಗಂಜಿ ಬಿಟ್ಟು ಬೇರೇನನ್ನೂ ಬಾಯಿಗಿಟ್ಟವಳಲ್ಲ. ಮೊದಮೊದಲು ಸರಸರ ಇಳಿದ ಮೈ ಈಗೀಗ ಮತ್ತೆ ತುಂಬಿಕೊಳ್ಳುತ್ತಿತ್ತು. ರಾಗಿಯೇ ತನಗೆ ಆಗಿಬರುತ್ತಿಲ್ಲವೇನೋ ಎಂಬ ಅಳುಕಿನಲ್ಲಿ ಡಾಕ್ಟರ ಹತ್ತಿರ ಹೋದಳು.

“ಕದ್ದುಮುಚ್ಚಿ ತಿಂತಿದ್ದೀರಿ” ಎಂದರು ಅವರು.

“ನಮ್ಮಮ್ಮನ ಆಣೆಗೂ ಇಲ್ಲ” ಎಂದು ಅತ್ತು, ಮನೆಗೆ ಬಂದಳು.

ಅಡುಗೆಮನೆಯಲ್ಲಿ ಅಮ್ಮ ಅವಳ ಗಂಜಿಗೆ ಬೆಣ್ಣೆ, ಅರೆದ ಗೋಡಂಬಿ ಹಾಕಿ ಕದಡುತ್ತಿದ್ದಳು. ಇಷ್ಟು ದಿನ ಅದನ್ನು ಅಮ್ಮನ ಕೈರುಚಿ ಅಂದುಕೊಂಡೇ ಕುಡಿದಿದ್ದಳು.

“ನಾನು ಸೊರಗಿದೆ ಅಂತ ಸಂಕಟಾನಾ, ಅಮ್ಮ?”

ಅಮ್ಮ ಸೌಟು ನಿಲ್ಲಿಸಲಿಲ್ಲ. “ಅಕ್ಕನ್ನ ನೋಡೋಕೆ ಬಂದವರೆಲ್ಲ ಈಗ ನಿನ್ನನ್ನು ಕೇಳ್ತಿದ್ದಾರೆ. ಅವಳದೊಂದು ಮದುವೆ ಮುಗೀಲಿ, ಆಮೇಲೆ ಇಳಿಸ್ಕೊಳ್ಳುವಿಯಂತೆ.”