ಟ್ಯಾಪೆಟ್ ಮೇಸ್ತ್ರಿ

ಲಾರಿಯ ಟ್ಯಾಪೆಟ್ ಸೆಟ್ ಮಾಡಲು, ಅಂದರೆ ವಾಲ್ವುಗಳ ಮೇಲಿನ ಕೂದಲೆಳೆಯಷ್ಟು ಸಂದನ್ನು ಸರಿಪಡಿಸಲು, ಮೇಸ್ತ್ರಿ ಬುಡನ್‌ಸಾಬ ಎಂದೂ ಅಳತೆಯ ಗೇಜು ಮುಟ್ಟಿದವನಲ್ಲ. ಓಡುತ್ತಿರುವ ಎಂಜಿನ್ನಿಗೆ ಕಿವಿಗೊಟ್ಟು ಸ್ಕ್ರೂ ತಿರುಗಿಸುತ್ತಿದ್ದ. ಡ್ರೈವರ್ ಶಿವಲಿಂಗ ತಾನೇ ತಂದ ಗೇಜನ್ನು ಮುಂದೆ ಹಿಡಿದಾಗ ಅವನು ನಕ್ಕುಬಿಟ್ಟ.

"ಈ ತಗಡಿನ ಚೂರು ಪುಸ್ತಕ ಓದಿ ಮೇಸ್ತ್ರಿ ಆದವ್ರಿಗೆ, ತಮ್ಮಾ. ನಂದು ನಲವತ್ತು ವರ್ಷ ಪಳಗಿದ ಕಿವಿ ಐತಿ."

ಹಾಗೆಂದು ಬಾನೆಟ್ಟಿನೊಳಗೆ ಬಗ್ಗಿದ.

"ಹೋದ ಸಲ ನೀವು ಮಾಡಿಕೊಟ್ಟ ಮ್ಯಾಲೂ ಟಕಟಕ ಸಪ್ಪಳ ನಿಂತಿಲ್ರಿ," ಎಂದ ಶಿವಲಿಂಗ.

ಮೇಸ್ತ್ರಿ ತಿರುಗಿಯೂ ನೋಡಲಿಲ್ಲ.

"ನಿಮಗೇ ಹೇಳಾಕತ್ತೀನ್ರಿ."

ಮೇಸ್ತ್ರಿ ಮುಂದಿನ ಸ್ಕ್ರೂಗೆ ಕೈ ಹಾಕಿದ. ಡ್ರೈವರ್ ಅಂದರೆ ಇವನಿಗೆ ನಾಯಿಗಿಂತ ಕಡೆ ಎಂದುಕೊಂಡು ಶಿವಲಿಂಗನ ಮೈ ಉರಿಯಿತು. ಕ್ಯಾಬಿನ್ ಹತ್ತಿ ಹಾರ್ನು ಒತ್ತಿ ಹಿಡಿದ. ಎದುರಿನ ಚಹಾದಂಗಡಿಯಲ್ಲಿದ್ದವರು ಕಿವಿ ಮುಚ್ಚಿಕೊಂಡರು. ಪಕ್ಕದಲ್ಲಿ ಪಂಕ್ಚರ್ ಹಾಕುತ್ತಿದ್ದವನು ಬೆಚ್ಚಿಬಿದ್ದು ಸುತ್ತಿಗೆ ಕೈಬಿಟ್ಟ.

ಮೇಸ್ತ್ರಿ ಕೊನೆಯ ಸ್ಕ್ರೂ ಬಿಗಿ ಮಾಡಿ, ಎಂಜಿನ್ನಿಗೆ ಇನ್ನಷ್ಟು ಹತ್ತಿರ ಕಿವಿಗೊಟ್ಟು, ಬಗ್ಗಿದಲ್ಲಿಂದಲೇ ಹೇಳಿದ: "ಕೇಳು ತಮ್ಮಾ, ಈಗ ಒಂದ್ ಚೂರೂ ಸಪ್ಪಳಿಲ್ಲ."