ಬೀಗರ ಚದುರಂಗ

ಗುರುಸಾಮಿ ಬೇಕೆಂತಲೇ ತನ್ನ ರಾಣಿಯನ್ನು ಓಬಯ್ಯನ ಆನೆಯ ಬಾಯಿಗಿಟ್ಟು ಕಾದ. ಓಬಯ್ಯನ ಕೈ ಆನೆಯವರೆಗೂ ಹೋಯಿತು. ಆಮೇಲೆ ಪಕ್ಕಕ್ಕೆ ಸರಿದು ಮೂಲೆಯ ಕಾಲಾಳನ್ನು ತಳ್ಳಿತು.

"ಏನ್ ಸಂಬಂದಿ, ರಾಣಿ ಕಾಣಲಿಲ್ವಾ?"

"ವಯಸಾಯ್ತಲ್ಲ ಸಂಬಂದಿ, ಕಣ್ಣು ಮಂಜು."

ಗುರುಸಾಮಿಯ ಮೈ ಉರಿಯಿತು. ಕಂಬಂ ಊರಿನಲ್ಲಿ ಅವನ ಜೊತೆ ಆಡಲು ಇದ್ದವನು ಈ ಬೀಗನೊಬ್ಬನೇ. ತನ್ನ ಮಗಳನ್ನು ಗುರುಸಾಮಿಯ ಮಗನಿಗೆ ಕೊಟ್ಟ ಮೇಲೆ ಓಬಯ್ಯ ಒಂದಾಟವನ್ನೂ ಗೆದ್ದಿರಲಿಲ್ಲ. ಗಂಡಿನ ತಂದೆಯನ್ನು ಸೋಲಿಸುವುದುಂಟೇ! ನಾಳೆ ದಿಂಡುಕ್ಕಲ್ಲಿನ ಪಂದ್ಯಕ್ಕೆ ಹೋಗುವಷ್ಟು ಬಲ ತನ್ನ ಆಟಕ್ಕಿದೆಯೋ ಇಲ್ಲವೋ, ಇಂಥವನಿಂದ ತಿಳಿಯುವುದು ಹೇಗೆ?

ಅವನು ಸಿಟ್ಟಿನಿಂದ ಮಣೆಯನ್ನೇ ತಿರುಗಿಸಿದ. "ಈಗ ಗೆಲ್ಲೋ ಕಡೆ ನಿಮ್ದು. ಇದ್ರಲ್ಲೂ ಸೋಲ್ತೀರಾ, ನೋಡಾನ!"

ಓಬಯ್ಯ ತಲೆ ಕೆರೆದುಕೊಳ್ಳುತ್ತ ಆಡಿದ. ಕುದುರೆ ಕಳೆದುಕೊಂಡ, ಆನೆ ಕಳೆದುಕೊಂಡ; ಯಾವುದೂ ಬಿಟ್ಟುಕೊಟ್ಟಂತೆ ಕಾಣಲಿಲ್ಲ. ಕೊನೆಗೆ ತನ್ನ ರಾಜನನ್ನೂ ಮೂಲೆಗೆ ಸಿಕ್ಕಿಸಿ, "ಗೆದ್ರಿ ಸಂಬಂದಿ!" ಎಂದು ಕೈಮುಗಿದ.

ಗುರುಸಾಮಿ ಮಣೆಯನ್ನೇ ನೋಡುತ್ತ ಕೂತ. ಕೈಗೆ ಬಂದ ಆಟವನ್ನು ಇಷ್ಟು ಅಂದವಾಗಿ ಸೋಲಬೇಕಾದರೆ ಈ ಮನುಷ್ಯ ಎಷ್ಟು ಆಟ ಬಲ್ಲವನಿರಬೇಕು!

"ನಾಳೆ ದಿಂಡುಕ್ಕಲ್ಲಿಗೆ ನೀವೇ ಹೋಗಿ ಸಂಬಂದಿ," ಅಂದ. "ಅಲ್ಲಿ ನೀವು ಹೆಣ್ಣು ಕೊಟ್ಟೋರು ಯಾರೂ ಇಲ್ಲ."